ಮದ್ದಿನ ನಳಿಕೆಯೊಳಗಿನ ಅಕ್ಕಿಕಾಳು

ಬಂದೂಕಿನ ಕಾಡತೂಸು ತುಂಬುವ ಯಂತ್ರದಿಂದ, ಮದ್ದು ಇಳಿಯುವ ನಳಿಕೆ ಬಿಚ್ಚಿ ಬೀರಪ್ಪ ತಟ್ಟಿದ. ಅಂಗೈಗೆ ಒಂದು ಅಕ್ಕಿಕಾಳು ಬಿತ್ತು. ಅದರ ಅರಿಸಿನ ಇನ್ನೂ ಮಾಸಿರಲಿಲ್ಲ.

ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆಪೂಜೆಯ ದಿನ ಬಂದೂಕಿನ ಜೊತೆ ಈ ಯಂತ್ರಕ್ಕೂ ಕುಂಕುಮ ಹಚ್ಚಿ, ಅಕ್ಷತೆ ಹಾಕಿ ಕೈಮುಗಿದವನು ಅವನೇ. ಮರುದಿನ ಅದರಲ್ಲೇ ತುಂಬಿದ ಕಾಡತೂಸು ಒಯ್ದು ತಮ್ಮ ಮಾಂತೇಶ, ಕಬ್ಬಿಗೆ ನುಗ್ಗಿದ ಹಂದಿ ಹೊಡೆಯಲು ಹೋಗಿದ್ದ. ಕಾಳು ನಳಿಕೆಗೆ ಅಡ್ಡ ನಿಂತು ಮದ್ದು ಸಾಕಷ್ಟು ಇಳಿಯದ ಕಾಡತೂಸು ಟುಸ್ಸೆಂದಿತ್ತು; ಹಂದಿ ಮೈಮೇಲೆ ಬಂದು ಮಾಂತೇಶನ ತೊಡೆ ಸೀಳಿತ್ತು. "ಗುರಿ ಹಿಡಿಯಾಕ ಬರದಾಂವ ಬಂದೂಕ ಯಾಕ ಮುಟ್ಟಬೇಕು?" ಎಂದು ಬೀರಪ್ಪ ಓಣಿ ಮಂದಿಯ ಎದುರೇ ಬೈದಿದ್ದ.

"ಯಣ್ಣಾ, ಅದರಾಗ ಏನರ ಸಿಕ್ತೇನು?" ಹೊರಸಿನ ಮೇಲೆ ಮಲಗಿದ್ದ ಮಾಂತೇಶ ಕೇಳಿದ. "ಇರಲಿ ಬಿಡು, ನಂದ ತಪ್ಪು. ಕೈ ನಡುಗಿರಬೇಕು."

ಬೀರಪ್ಪ ಕಾಳನ್ನು ಬಾಯಿಗೆ ಹಾಕಿಕೊಂಡು ನುಂಗಿದ. ಆಮೇಲೆ, "ಏನೂ ಇಲ್ಲೋ ತಮ್ಮಾ," ಎಂದ.