ಕೆಸರುಗರು

ಮಹೇಶ್ವರ ಭಟ್ಟರು ಕಾಣೆಯಾದದ್ದು ಗೊತ್ತಾದ ದಿನ ಮುಳ್ಳೇರಿಯದಲ್ಲಿ ಹಲ್ಲು ಕಟಕಟಿಸುವ ಚಳಿ. ವಸುಮತಿಯಮ್ಮ ಕಾಫಿ ಹಿಡಿದು ಬಂದಾಗ ಗಂಡನ ಹಾಸಿಗೆ ಖಾಲಿ. ಹಿಂಬಾಗಿಲು ತೆರೆದಿತ್ತು.

ಪಕ್ಷವಾತ ಬಡಿದ ಮೇಲೆ ಭಟ್ಟರಿಗೆ ಮಾತು ಹೋಗಿತ್ತು. ನೆನಪೂ ಆಗಾಗ ದಾರಿ ತಪ್ಪುತ್ತಿತ್ತು. ಪೇಟೆಯ ಅಂಗಡಿಯವನೊಬ್ಬ, "ಕಾಸರಗೋಡು ಬಸ್ಸಿಗೆ ಹತ್ತಿದ್ದು ನಾನೇ ನೋಡಿದ್ದು" ಎಂದ. ಅಷ್ಟು ಸಾಕಾಯಿತು. ಮೈದುನ ಕೇಶವಪ್ರಸಾದ ಅತ್ತ ಓಡಿದ. ಊರಿನವರ ಕಣ್ಣೂ ಅತ್ತಲೇ ತಿರುಗಿತು.

ವಸುಮತಿಯಮ್ಮ ಒಪ್ಪೊತ್ತು ಹಿಡಿದರು. ದಿನವೂ ಗಣಪತಿಗೆ ಗರಿಕೆ ಏರಿಸಿ, "ಅವರನ್ನು ಹಸಿವಿನಲ್ಲಿ ಇಡಬೇಡಪ್ಪಾ. ಯಾರ ಕೈಯಿಂದಾದರೂ ಒಂದು ತುತ್ತು ಹಾಕಿಸು" ಎಂದು ಬೇಡಿದರು. ಉಳಿದ ಹೊತ್ತು ಮಫ್ಲರ್ ಹೆಣೆದರು. ಹಳೆಯ ಉಂಡೆಯಲ್ಲಿ ಕಂದು ಉಣ್ಣೆ ಅಷ್ಟು ಮಿಕ್ಕಿತ್ತು.

ಅವರ ಮುಖದಲ್ಲಿ ನಗು ತರಿಸುತ್ತಿದ್ದವಳು ಅನ್ವಿತಾ ಒಬ್ಬಳೇ. ಭಟ್ಟರು ಕಾಣೆಯಾದ ದಿನವೇ ಪಕ್ಕದ ಬಾಡಿಗೆ ಮನೆಯಲ್ಲಿ ಸಾಮಾನು ಇಳಿಸಿದ ಕಮಲಳ ಮಗಳು. ಆರು ವರ್ಷ. ಬಾವಿಯಲ್ಲಿ ಆನೆ ಕಂಡೆನೆಂದು ಬಂದ ದಿನವೇ ಸಾರಿದ್ದಳು.

"ಅಜ್ಜೀ, ಕೇದಗೆ ಪೊದೆಯಾಚೆ ಕೆಸರಲ್ಲಿ ಒಂದು ಪ್ರಾಣಿ ಉಂಟು. ಕೆಸರುಗರು ಅಂತ ಹೆಸರಿಟ್ಟಿದ್ದೇನೆ."

"ಹೌದಾ? ಕೋಡು ಎಷ್ಟು?"

"ಕೋಡಿಲ್ಲ. ತಲೆ ಮಾತ್ರ ಕಾಣುದು. ತಲೆ ತುಂಬ ರೋಮ. ತಣ್ಣೀರಲ್ಲೇ ಇರುದಲ್ವಾ, ಚಳಿ ಆಗದ ಹಾಗೆ ದೇವರು ಕೊಟ್ಟದ್ದು."

"ಎಂತ ತಿಂತದೆ?"

"ಹುಲ್ಲು. ಬದಿಯ ಹುಲ್ಲೆಲ್ಲ ತಿಂದಾಯ್ತು, ಪಾಪ. ನನ್ನ ದೋಸೆ ಹಾಕ್ಲಾ? ಬಾಯಿ ತೆರೆದು ನನ್ನನ್ನೇ ನೋಡ್ತದೆ."

ಆಟಕ್ಕೂ ಒಂದು ನೇಮ ಬೇಕಲ್ಲ. ವಸುಮತಿಯಮ್ಮ ಗಂಭೀರವಾಗಿ ತಲೆಯಾಡಿಸಿದರು.

"ಬೇಯಿಸಿದ್ದು ಹಾಕಬಾರದು ಮಗಾ. ಹುಲ್ಲು ತಿನ್ನುವವಕ್ಕೆ ಹೊಟ್ಟೆ ಉಬ್ಬರಿಸ್ತದೆ. ಇಕೋ, ದೇವರಿಗೆ ಏರಿಸಿದ ಗರಿಕೆ. ದೂರದಿಂದ ಬಿಸಾಡು. ಹತ್ತಿರ ಹೋಗಬೇಡ, ಜಾಗ್ರತೆ!"

ಮರುದಿನವೂ ಗರಿಕೆ ಹೋಯಿತು.

"ತಿಂತು ಅಜ್ಜೀ! ತಿನ್ನುವಾಗ ಕಣ್ಣಲ್ಲಿ ನೀರು ಬಂತು ಅದಕ್ಕೆ."

"ಪ್ರಸಾದ ಅಲ್ವಾ ಮಾರಾಯ್ತಿ! ಭಕ್ತಿ ಇರುವ ಕರು ನಿನ್ನದು."

ಸಂಜೆ ಕೇಶವಪ್ರಸಾದ ಜೋತುಬಿದ್ದ ಮುಖದಲ್ಲಿ ಬಂದ. "ಅತ್ತಿಗೆ, ಮಂಜೇಶ್ವರದ ರೈಲು ಸ್ಟೇಷನ್‌ವರೆಗೆ ಹುಡುಕಿದೆ. ಎಲ್ಲಿಯೂ ಇಲ್ಲ."

"ಇನ್ನೂ ದೂರ ಹುಡುಕು" ಎಂದರು ವಸುಮತಿಯಮ್ಮ.

ಬೆಳಿಗ್ಗೆ ಅನ್ವಿತಾ ಅಳುತ್ತಾ ಬಂದಳು. ಕೈ ಬೆನ್ನ ಹಿಂದಿತ್ತು.

"ಕೆಸರುಗರು ಸತ್ತುಹೋಯ್ತು ಅಜ್ಜೀ. ಪೂರಾ ಮುಳುಗಿದೆ. ನಿನ್ನೆಯ ಗರಿಕೆ ಮೇಲೆ ತೇಲ್ತಾ ಉಂಟು."

ಕತೆ ಮುಗಿಸುವ ಹೊತ್ತಾಯಿತು ಎಂದುಕೊಂಡರು ಅಜ್ಜಿ. ಹುಡುಗಿಯ ಕಣ್ಣೊರೆಸಿದರು. "ಅಳಬಾರದು. ಕೈ ಮುಗಿದು ಹೇಳು, ದೇವರೇ, ಆ ಜೀವಕ್ಕೆ ಶಾಂತಿ ಕೊಡು ಅಂತ."

"ಕೈಯಲ್ಲಿ ಅದರ ರೋಮ ಉಂಟಲ್ಲ! ಕಳಚಿ ಬಂದಿತ್ತು. ದೋಟಿ ಕೋಲಲ್ಲಿ ಎಳೆದು ತಂದೆ, ನಿಮಗೆ ತೋರಿಸ್ಲಿಕ್ಕೆ."

ಹುಡುಗಿ ಅದನ್ನು ವಸುಮತಿಯಮ್ಮನ ಮಡಿಲಿಗೆ ಹಾಕಿದಳು, ಹೆಣೆಯುತ್ತಿದ್ದ ಮಫ್ಲರಿನ ಮೇಲೆ. ಕೆಸರು ತೊಟ್ಟಿಕ್ಕುವ ಕಂದು ಉಣ್ಣೆ. ಮುಖಕ್ಕೆಂದು ಬಿಟ್ಟ ದುಂಡನೆಯ ಕಿಂಡಿ. ಅದರ ಅಂಚಿನಲ್ಲಿ, ಕಳೆದ ಚಳಿಗಾಲ ಗಂಡನ ಟೊಪ್ಪಿ ಹೆಣೆಯುವಾಗ ತಪ್ಪಿಹೋಗಿದ್ದ ಅದೇ ಒಂದು ಕುಣಿಕೆ.

ಅನ್ವಿತಾ ಖಾಲಿಯಾದ ಕೈಗಳನ್ನು ಜೋಡಿಸಿ, ಹೇಳಿಕೊಟ್ಟದ್ದನ್ನು ತಪ್ಪಿಲ್ಲದೆ ಹೇಳಿದಳು: "ದೇವರೇ, ಆ ಜೀವಕ್ಕೆ ಶಾಂತಿ ಕೊಡು."