ಬಂಡೆಯ ಹಿಂದಿನ ಮೀನು

ಎವರೆಟ್ ಗಾಳಕ್ಕೆ ಕಿತ್ತಳೆ ಗರಿಯಿಂದ ಕಟ್ಟಿದ್ದ ಹುಸಿನೊಣವನ್ನು ಸ್ಟೀಲ್‌ಹೆಡ್ ಮೀನೊಂದು ಜಗ್ಗಿ ಬಿಟ್ಟುಬಿಟ್ಟಿತು. ಐದು ದಿನದಲ್ಲಿ ಇದೇ ಮೊದಲು. ಮತ್ತೆ ಗಾಳ ಬೀಸಿದ, ಏನೂ ಇಲ್ಲ. ದಡದಲ್ಲಿ ಎಪ್ಪತ್ತು ದಾಟಿದ ವಿಲ್ಮಾ ಸರದಿಗೆ ಕಾಯುತ್ತಿದ್ದಳು. ಒಬ್ಬರಾದ ಮೇಲೆ ಒಬ್ಬರು ಬೀಸುವುದು ಬಲ್ಕ್ಲಿ ಹೊಳೆಯ ರೂಢಿ; ಅದರಂತೆ ಅವನು ಜಾಗ ಬಿಟ್ಟುಕೊಟ್ಟ. "ಆ ಬಂಡೆ ಹಿಂದಿದೆ, ನೋಡಿ."

ವಿಲ್ಮಾ ಬೀಸಿದೊಡನೆ ಅಲ್ಲೇ ನೀರು ಉಬ್ಬಿತು. ಮೀನು ಅವಳ ನೊಣವನ್ನು ಹಿಂಬಾಲಿಸಿ, ಕಚ್ಚದೆ ಮುಳುಗಿತು. ಇನ್ನೊಮ್ಮೆ ಬೀಸಿದ್ದರೆ ಸಿಕ್ಕೇಬಿಡುತ್ತಿತ್ತು. ಆದರೆ ಅವಳು ದಾರ ಸುತ್ತಿಕೊಂಡು ದಡಕ್ಕೆ ಬಂದಳು.

"ಯಾಕ್ರೀ ಬಿಟ್ ಬಂದ್ರಿ?"

"ಅದನ್ನ ಮೊದ್ಲು ಎಬ್ಬಿಸಿದೋನು ನೀನಲ್ವೇನೋ? ಅದು ನಿಂದೇ ಮೀನು. ಆದ್ರೆ ಇಂಥ ತಿಳಿನೀರಿಗೆ ಆ ಕಿತ್ತಳೆ ಬಣ್ಣದ್ದಾ! ಮೀನು ಹಿಡಿಯಕ್ಕೆ ಬಂದಿದ್ಯೋ, ಮದ್ವೆಗೆ ಹೊರ್ಟಿದ್ಯೋ?" ಎನ್ನುತ್ತ ತನ್ನ ಪುಟ್ಟ ಕಪ್ಪು ನೊಣವನ್ನು ದಾರದಿಂದ ಕತ್ತರಿಸಿ ತೆಗೆದು ಅವನ ಅಂಗೈಯಲ್ಲಿಟ್ಟಳು.

ಅದನ್ನು ತನ್ನ ದಾರಕ್ಕೆ ಕಟ್ಟಿ ಎವರೆಟ್ ಬೀಸಿದ. ದಾರ ಬಿಗಿಯಾಯಿತು, ಬೆಳ್ಳಿಯಂಥ ಮೈ ನೀರಿನಿಂದ ಚಿಮ್ಮಿತು. ಅವನಿಗಿಂತ ಮೊದಲು ಕೇಕೆ ಹಾಕಿದವಳು ವಿಲ್ಮಾ.