ಇಪ್ಪತ್ತೆರಡು ದಿನದ ಹಾಜರಿ

ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕೊನೆಯ ಸೆಮಿಸ್ಟರಿನ ಪರೀಕ್ಷೆಗೆ ಕೂರಬಾರದವರ ಪಟ್ಟಿಯಲ್ಲಿ ಶಿವಪುತ್ರನದೊಂದೇ ಹೆಸರಿತ್ತು. ಹಾಜರಿ ಸಾಲದು. ಅವನು ವಿಭಾಗದ ಮುಖ್ಯಸ್ಥರ ಮೇಜಿನ ಮುಂದೆ ನಿಂತು ಕೈಮುಗಿದ.

“ಇದೊಂದ್ ಸಲ ಬಿಡ್ರಿ ಸರ್. ಡಿಗ್ರಿ ಮುಗಸಾಕ ಕೊಟ್ಟ ಎಂಟ್ ವರ್ಷದ ಗಡುವು ಈ ಸಲಕ್ಕ ಮುಗೀತದ್ರಿ. ಮತ್ತ ಕೂಡಾಕ ಬರಂಗಿಲ್ರಿ.”

“ಲ್ಯಾಬಿಗೆ ಇಪ್ಪತ್ತೆರಡು ದಿನ ಬಂದಿಲ್ಲ ನೀ. ಒಂದ್ ವೈರ್ ಮುಟ್ಟಿ ನೋಡದವಗ ನಾ ಡಿಗ್ರಿ ಕೊಡಸಬೇಕೇನು? ಎಲ್ಲಿ ಹಾಳಾಗಿ ಹೋಗಿದ್ದಿ?”

“ಅಪ್ಪ ಏಣಿಯಿಂದ ಬಿದ್ದು ಹಾಸಿಗಿ ಹಿಡದಾನ್ರಿ. ಅವನ ಬದ್ಲಿ ಕೆಲಸಕ್ಕ ಹೋಗಿದ್ದೆರಿ.”

“ಎಲ್ಲಾರೂ ಹಿಂಗ ಕತಿ ಹೇಳ್ತಾರ. ಸಾಕ್ಷಿ ಐತೇನು?”

ಸಾಕ್ಷಿಯಿತ್ತು. ತೋರಿಸಿದರೆ ಅವರು ಇನ್ನಷ್ಟು ಕೆರಳುತ್ತಾರೆಂದು ಹೆದರಿ ಬೆಳಗಿನಿಂದ ಅದನ್ನು ಅಂಗಿಯೊಳಗೇ ಬಚ್ಚಿಟ್ಟುಕೊಂಡಿದ್ದ. ಈಗ ಬೇರೆ ದಾರಿಯಿರಲಿಲ್ಲ. ಅಪ್ಪನಿಗೆ ಕೆಲಸ ಕೊಟ್ಟಿದ್ದ ಗುತ್ತಿಗೆದಾರನ ಹಾಜರಿ ಪುಸ್ತಕ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟ.

ಇದೇ ಕಾಲೇಜಿನ ಹೊಸ ಲ್ಯಾಬಿನ ವೈರಿಂಗ್ ಕೆಲಸಕ್ಕೆ ಶಿವಪುತ್ರ ಇಪ್ಪತ್ತೆರಡು ದಿನವೂ ಹಾಜರಿದ್ದ. ಪ್ರತಿ ದಿನದ ಕೆಳಗೂ ಕೆಲಸ ಪರಿಶೀಲಿಸಿದ್ದಕ್ಕೆ ಮುಖ್ಯಸ್ಥರದೇ ಸಹಿಯಿತ್ತು.